ಜೆಸಿಬಿ ಲೈಸೆನ್ಸ್, ಗಲ್ಫ್ ಏಜೆಂಟ್, ಶೇಡಿ ಮಣ್ಣು: ಓದುಗರ ಪ್ರಶ್ನೆಗೆ ಹಳೇ ಆಪರೇಟರ್ ಉತ್ತರ

ಹೋದ ತಿಂಗಳು ಈ ಪೇಜಲ್ಲಿ "ಮೆಷಿನ್ ಓಡಿಸ್ಲಿಕ್ಕೆ ಸರ್ಟಿಫಿಕೇಟ್ ಬೇಕಾ, ಎಲ್ಲಿ ಸಿಗ್ತದೆ, ಏನಿದ್ರೂ ಕೇಳಿ" ಅಂತ ಎರಡು ಸಾಲು ಹಾಕಿದ್ದೆವು. ಹತ್ತು ಹದಿನೈದು ಪತ್ರ ಬರಬಹುದು ಅಂತ ಅಂದಾಜು ಮಾಡಿದ್ದು, ಬಂದದ್ದು ನೋಡಿದ್ರೆ ಮೂಲ್ಕಿಯಿಂದ ಬೈಂದೂರುವರೆಗೆ ಮನೆಗೊಬ್ಬ ಜೆಸಿಬಿ ಆಪರೇಟರ್ ಇದ್ದಾನೋ ಏನೋ ಅನ್ನಿಸ್ತು. ನಾನು ಇಪ್ಪತ್ತು ವರ್ಷದ ಮೇಲೆ ಸೀಟಲ್ಲಿ ಕೂತವ, ಈಗ ಸೊಂಟ ಬಿಟ್ಟು ಬೈಕಂಪಾಡಿ ಬದಿ ಒಂದು ಯಾರ್ಡ್ ನೋಡ್ಕೊಳ್ತೇನೆ. ಎಲ್ಲಾ ಪ್ರಶ್ನೆಗೆ ಜಾಗ ಇಲ್ಲ, ಒಂದೇ ರೀತಿಯದ್ದನ್ನು ಸೇರಿಸಿ ಕೆಲವಕ್ಕೆ ಉತ್ತರ ಬರ್ದಿದ್ದೇನೆ.

ಅಣ್ಣ, ನಾನು ಬಿ.ಸಿ.ರೋಡ್ ಹತ್ರದವ. 22 ವರ್ಷ, ಹತ್ತನೇ ಫೇಲ್. ಮೂರು ವರ್ಷದಿಂದ ಜೆಸಿಬಿಯಲ್ಲಿ ಹೆಲ್ಪರ್, ಈಗ ಆಪರೇಟರ್ ರಜೆ ಹಾಕಿದ್ರೆ ನಾನೇ ಓಡಿಸ್ತೇನೆ, ಪಾಯ ತೆಗಿತೇನೆ, ಟಿಪ್ಪರ್ ಲೋಡ್ ಮಾಡ್ತೇನೆ. ಕೈಯಲ್ಲಿ ಎಂತ ಪೇಪರೂ ಇಲ್ಲ. ಎಲ್ಲರೂ ಸರ್ಟಿಫಿಕೇಟ್ ಮಾಡಿಸು ಅಂತಾರೆ, ಯಾವ ಸರ್ಟಿಫಿಕೇಟ್ ಅಂತ ಕೇಳಿದ್ರೆ ಸುಮ್ಮನಾಗ್ತಾರೆ.

ಸುಮ್ಮನಾಗುದು ಯಾಕಂದ್ರೆ ಅವರಿಗೂ ಗೊತ್ತಿಲ್ಲ ತಮ್ಮಾ. ಇಲ್ಲಿ ಎರಡು ಬೇರೆ ಬೇರೆ ಪೇಪರ್ ಉಂಟು, ಜನ ಎರಡನ್ನೂ ಕಲಸಿ ಸರ್ಟಿಫಿಕೇಟ್ ಅಂತ ಹೇಳುದು.

ಮೊದಲನೇದು ಆರ್‌ಟಿಒ ಲೈಸೆನ್ಸ್. ಟಯರ್ ಇರುವ ಬ್ಯಾಕ್‌ಹೋ, ಅಂದ್ರೆ ನಾವು ಜೆಸಿಬಿ ಅನ್ನುವ ಗಾಡಿ, ಕಾನೂನಲ್ಲಿ "ಕನ್‌ಸ್ಟ್ರಕ್ಷನ್ ಎಕ್ವಿಪ್‌ಮೆಂಟ್ ವೆಹಿಕಲ್". 1989ರ ಮೋಟಾರು ವಾಹನ ನಿಯಮದಲ್ಲಿ ಅದರ ವಿವರಣೆ ಉಂಟು: ಮುಖ್ಯ ಕೆಲಸ ರೋಡಿಂದ ಹೊರಗೆ, ರೋಡಲ್ಲಿ ಹೋಗುದು ಬರೀ ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಷ್ಟೇ, ಅದೂ 50 ಕಿ.ಮೀ. ಸ್ಪೀಡಿನ ಒಳಗೆ. ಆದ್ರೆ ರೋಡಿಗೆ ಇಳಿದ ಮೇಲೆ ಅದು ಗಾಡಿಯೇ, ನಂಬರ್ ಪ್ಲೇಟ್ ಬೇಕು, ಇನ್ಶೂರೆನ್ಸ್ ಬೇಕು, ಕೂತವನಿಗೆ ಲೈಸೆನ್ಸ್ ಬೇಕು. ನೀನು ಬಂಟ್ವಾಳದವ ಅಂದ್ರೆ ನಿನ್ನ ಆರ್‌ಟಿಒ ಆಫೀಸ್ ಕೆಎ-70, ಅಲ್ಲಿಗೇ ಅರ್ಜಿ. ಕಾರಿನ ಲೈಸೆನ್ಸ್ ಉಂಟಲ್ಲ ಸಾಕು ಅಂತ ಸುಮಾರು ಜನ ಅಂದ್ಕೊಂಡಿದ್ದಾರೆ, ಸಾಕಾಗುದಿಲ್ಲ. ಲೈಸೆನ್ಸ್ ಕಾರ್ಡಲ್ಲಿ ಎಲ್‌ಡಿಆರ್‌ಎಕ್ಸ್‌ಸಿವಿ ಅಂತ ಇಂಗ್ಲಿಷಲ್ಲಿ ಒಂದು ವಿಚಿತ್ರ ಅಕ್ಷರದ ಸಾಲು ಬರ್ತದೆ, ಲೋಡರ್ ಎಕ್ಸ್‌ಕವೇಟರ್ ಅಂತ ಅದರ ಅರ್ಥ, ಅದು ಸೇರಿರ್ಬೇಕು. ಮೊದಲು ಎಲ್‌ಎಲ್, ಅಂದ್ರೆ ಲರ್ನರ್ ಲೈಸೆನ್ಸ್, ತೆಗಿಬೇಕು, ಅದು 6 ತಿಂಗಳಿಗೆ, 30 ದಿನ ಆದ್ಮೇಲೆ ಟೆಸ್ಟ್ ಕೊಡಬಹುದು. ಅರ್ಜಿ ಆನ್‌ಲೈನ್, ಸರ್ಕಾರದ ಸಾರಥಿ ಪೋರ್ಟಲಲ್ಲಿ. ಹತ್ತನೇ ಫೇಲ್ ಅಂತ ಹೆದರ್ಬೇಡ, ಎಂಟನೇ ಕ್ಲಾಸ್ ಬೇಕು ಅಂತ ಇದ್ದ ನಿಯಮ ಟ್ರಾನ್ಸ್‌ಪೋರ್ಟ್ ಗಾಡಿಗೆ ಇದ್ದದ್ದು, ಅದನ್ನೂ 2019ರಲ್ಲಿ ತೆಗ್ದು ಹಾಕಿದ್ರು.

ಎರಡನೇದು ಸ್ಕಿಲ್ ಸರ್ಟಿಫಿಕೇಟ್. ಇದು ಆರ್‌ಟಿಒಗೆ ಸಂಬಂಧವೇ ಇಲ್ಲದ್ದು. ನಮ್ಮ ಫೀಲ್ಡಿಗೆ ಇನ್‌ಫ್ರಾಸ್ಟ್ರಕ್ಚರ್ ಎಕ್ವಿಪ್‌ಮೆಂಟ್ ಸ್ಕಿಲ್ ಕೌನ್ಸಿಲ್ ಅಂತ ಒಂದು ಉಂಟು, ಐಇಎಸ್‌ಸಿ ಅಂತಾರೆ, ಆಫೀಸ್ ಬೆಂಗಳೂರಲ್ಲೇ. ಬ್ಯಾಕ್‌ಹೋ, ಎಕ್ಸ್‌ಕವೇಟರ್, ಕ್ರೇನ್ ಅಂತ ಒಂದೊಂದಕ್ಕೂ ಬೇರೆ ಬೇರೆ ಸರ್ಟಿಫಿಕೇಟ್. ನಿನ್ನಂತೆ ಕೆಲಸ ಗೊತ್ತಿದ್ದು ಪೇಪರ್ ಇಲ್ಲದವರಿಗೆ ಆರ್‌ಪಿಎಲ್ ಅಂತ ದಾರಿ ಮಾಡಿದ್ದಾರೆ, ಗೊತ್ತಿರುವ ಕೆಲಸಕ್ಕೆ ಮುದ್ರೆ ಒತ್ತುದು ಅಂದ್ಕೋ. ತಿಂಗಳುಗಟ್ಟಲೆ ಕ್ಲಾಸ್ ಇಲ್ಲ, ಸ್ವಲ್ಪ ದಿನ ಸೇಫ್ಟಿ, ಮೆಷಿನ್ ಚೆಕ್ ಎಲ್ಲ ಹೇಳಿಕೊಟ್ಟು ಆಮೇಲೆ ಒಬ್ಬ ಅಸೆಸರ್ ಬಂದು ನಿನ್ನ ಕೈಯಲ್ಲಿ ಮೆಷಿನ್ ಓಡಿಸಿ ನೋಡ್ತಾರೆ. ಪಿಎಂಕೆವಿವೈ, ಅಂದ್ರೆ ಕೇಂದ್ರ ಸರ್ಕಾರದ ಸ್ಕಿಲ್ ಟ್ರೈನಿಂಗ್ ಸ್ಕೀಮ್ ಒಳಗೆ ಬ್ಯಾಚ್ ನಡೆದ್ರೆ ನಿನ್ನ ಜೇಬಿಂದ ಫೀಸ್ ಇಲ್ಲ.

ಯಾವುದು ಮೊದಲು? ಲೈಸೆನ್ಸ್, ಕಣ್ಣು ಮುಚ್ಚಿ. ನಾಳೆ ಮೇಲ್ಕಾರ್ ಹತ್ರ ಸ್ಕೂಟರಿಗೆ ನಿನ್ನ ಬಕೆಟ್ ತಾಗಿದ್ರೆ ಪೊಲೀಸರು ಸ್ಕಿಲ್ ಕೌನ್ಸಿಲ್ ಸರ್ಟಿಫಿಕೇಟ್ ಕೇಳುದಿಲ್ಲ. ಲೈಸೆನ್ಸ್ ಇಲ್ಲದೆ ಓಡಿಸಿದವನಿಗೆ 5,000 ಫೈನ್, ಓಡಿಸ್ಲಿಕ್ಕೆ ಕೊಟ್ಟ ಓನರಿಗೆ ಬೇರೆ 5,000, ಅದು ಸಣ್ಣದು ಬಿಡು, ಇನ್ಶೂರೆನ್ಸ್ ಕಂಪನಿಯವರು ಲೈಸೆನ್ಸ್ ಇಲ್ಲ ಅಂತ ಕೈ ಎತ್ತಿದ್ರೆ ಆ ಗಾಯದವರ ದುಡ್ಡು ನಿನ್ನ ಓನರ್ ತಲೆ ಮೇಲೆ ಬರ್ತದೆ. ಈ ಒಂದು ಮಾತು ಓನರಿಗೆ ಹೇಳಿ ನೋಡು, ಲೈಸೆನ್ಸ್ ಖರ್ಚು ಅವರೇ ಕೊಟ್ಟಾರು.

ಅಂದ ಹಾಗೆ ಚೈನ್ ಗಾಡಿ, ಅಂದ್ರೆ ಹಿಟಾಚಿ (ಕಂಪನಿ ಯಾವುದೇ ಇರ್ಲಿ ನಮ್ಮಲ್ಲಿ ಚೈನ್ ಇದ್ರೆ ಹಿಟಾಚಿ, ಟಯರ್ ಇದ್ರೆ ಜೆಸಿಬಿ), ಅದು ಸ್ವಂತ ರೋಡಲ್ಲಿ ಹೋಗುದೇ ಇಲ್ಲ, ಟ್ರೈಲರಲ್ಲಿ ಹಾಕಿ ಸಾಗ್ಸುದು, ಹಾಗಾಗಿ ಅದಕ್ಕೆ ರೋಡಿನ ಲೆಕ್ಕ ಬರುದಿಲ್ಲ. ಅದರಲ್ಲೇ ಕೆಲಸ ಮಾಡುವವರಿಗೆ ಎರಡನೇ ಪೇಪರಿಗೆ ಹೆಚ್ಚು ಬೆಲೆ.

ಸರ್, ಒಂದು ಇನ್‌ಸ್ಟಿಟ್ಯೂಟಿನವರು 21 ದಿನದ ಕೋರ್ಸಿಗೆ 60 ಸಾವಿರ ಕೇಳ್ತಿದ್ದಾರೆ. ಜೆಸಿಬಿ, ಹಿಟಾಚಿ, ಕ್ರೇನ್ ಮೂರಕ್ಕೂ ಸರ್ಟಿಫಿಕೇಟ್, ಸಿಮ್ಯುಲೇಟರ್ ಉಂಟು, ನೂರಕ್ಕೆ ನೂರು ಕೆಲಸ ಅಂತಾರೆ. ಕಟ್ಟಬಹುದಾ? (ಕಾರ್ಕಳ)

21 ದಿನದಲ್ಲಿ ಮೂರು ಮೆಷಿನಾ? ನಾನು ಬ್ಯಾಕ್‌ಹೋದಲ್ಲಿ ಲೆವೆಲ್ ಹೊಡಿಲಿಕ್ಕೆ ಕಲಿತದ್ದೇ ಒಂದು ಮಳೆಗಾಲ ಕಳೆದು ಇನ್ನೊಂದು ಮಳೆಗಾಲ ಬರುವಷ್ಟರಲ್ಲಿ.

ದುಡ್ಡು ಕಟ್ಟುವ ಮೊದಲು ಹೋಗಿ ಮೂರು ಪ್ರಶ್ನೆ ಕೇಳಿ. ಸರ್ಟಿಫಿಕೇಟ್ ಕೊಡುದು ನೀವೋ ಅಥವಾ ಸ್ಕಿಲ್ ಕೌನ್ಸಿಲೋ? ಕೌನ್ಸಿಲ್ ಸರ್ಟಿಫಿಕೇಟಲ್ಲಿ ಕೋರ್ಸಿನ ಕೋಡ್, ಎನ್‌ಎಸ್‌ಕ್ಯೂಎಫ್ ಲೆವೆಲ್ (ಸರ್ಕಾರ ಇಟ್ಟ ಸ್ಕಿಲ್ ದರ್ಜೆ) ಎಲ್ಲ ಇರ್ತದೆ, ಸ್ಕಿಲ್ ಇಂಡಿಯಾ ಪೋರ್ಟಲಲ್ಲಿ ಆ ಸೆಂಟರ್ ಹೆಸರು ಹುಡುಕಿದ್ರೆ ಸಿಗ್ಬೇಕು. ಇನ್‌ಸ್ಟಿಟ್ಯೂಟ್ ತಾನೇ ಚಿನ್ನದ ಬಣ್ಣದ ಬಾರ್ಡರ್ ಹಾಕಿ ಪ್ರಿಂಟ್ ಮಾಡಿದ್ದಾದ್ರೆ ಅದು ಮನೆ ಗೋಡೆಗೆ ಚಂದ, ಅಷ್ಟೇ. ಎರಡನೇದು, ಒಬ್ಬನಿಗೆ ಸೀಟಲ್ಲಿ ಎಷ್ಟು ಗಂಟೆ ಸಿಗ್ತದೆ? 30 ಜನರ ಬ್ಯಾಚಿಗೆ ಒಂದು ಮೆಷಿನ್ ಇದ್ದು ದಿನಕ್ಕೆ 8 ಗಂಟೆ ಓಡಿದ್ರೆ ನಿಮ್ಮ ಪಾಲಿಗೆ 16 ನಿಮಿಷ, ಲೆಕ್ಕ ನೀವೇ ಹಾಕಿ. ಮೂರನೇದು, ಹೋದ ಬ್ಯಾಚಿನ ಇಬ್ಬರ ಫೋನ್ ನಂಬರ್ ಕೊಡಿ ಅನ್ನಿ. ಕೊಡ್ಲಿಕ್ಕೆ ಹಿಂದೆ ಮುಂದೆ ನೋಡಿದ್ರೆ ಚಾ ಕುಡ್ದು ವಾಪಸ್ ಬನ್ನಿ.

ಸಿಮ್ಯುಲೇಟರ್ ಕೆಟ್ಟದ್ದಲ್ಲ. ಕೈ ಕಾಲು ಹೊಂದ್ಲಿಕ್ಕೆ ಒಳ್ಳೇದು, ಡೀಸೆಲ್ ಉಳಿತದೆ, ಯಾರೂ ಸಾಯುದಿಲ್ಲ. ಆದ್ರೆ ಒಂದು ತಮಾಷೆ ಹೇಳ್ತೇನೆ. ಲಿವರ್ ಪ್ಯಾಟರ್ನ್ ಎರಡು ರೀತಿ ಉಂಟು. ಬೂಮ್ ಅಂದ್ರೆ ಗಾಡಿಗೆ ಸೇರಿದ ದೊಡ್ಡ ಕೈ, ಆರ್ಮ್ ಅಂದ್ರೆ ಅದರ ತುದಿಯಿಂದ ಬಕೆಟಿನವರೆಗಿನ ಕೈ. ಐಎಸ್‌ಒ ಪ್ಯಾಟರ್ನಲ್ಲಿ ಎಡಗೈ ಲಿವರ್ ಮುಂದೆ ಹಿಂದೆ ಮಾಡಿದ್ರೆ ಆರ್ಮ್, ಬಲಗೈದು ಮುಂದೆ ಹಿಂದೆ ಮಾಡಿದ್ರೆ ಬೂಮ್. ಎಸ್‌ಎಇ ಪ್ಯಾಟರ್ನಲ್ಲಿ ಅದು ಉಲ್ಟಾ, ಎಡಗೈಯಲ್ಲಿ ಬೂಮ್, ಬಲಗೈಯಲ್ಲಿ ಆರ್ಮ್. ಒಂದರಲ್ಲಿ ಕಲಿತವ ಇನ್ನೊಂದರ ಸೀಟಲ್ಲಿ ಕೂತ್ರೆ ತಲೆಗೆ ಗೊತ್ತಿದ್ರೂ ಕೈಗೆ ಗೊತ್ತಾಗುದಿಲ್ಲ. ನಮ್ಮ ಯಾರ್ಡಿಗೆ ಹೀಗೊಬ್ಬ ಹುಡುಗ ಫೈಲ್ ತುಂಬಾ ಸರ್ಟಿಫಿಕೇಟ್ ಹಿಡ್ಕೊಂಡು ಬಂದ, ಹಳೇ ಗಾಡಿಗೆ ಹತ್ತಿಸಿದೆ, ಬಕೆಟ್ ಎತ್ತು ಅಂದ್ರೆ ಒಳಗೆ ಎಳ್ದು ಕ್ಯಾಬಿನ್ ಗ್ಲಾಸಿಗೆ ಒಂದು ಗೇಣು ಬಾಕಿ. ಪಾಪ ಅವನ ತಪ್ಪಲ್ಲ, ಯಾವ ಪ್ಯಾಟರ್ನ್ ಅಂತ ಮೊದಲು ನೋಡು ಅಂತ ಯಾರೂ ಹೇಳಿಕೊಟ್ಟಿರ್ಲಿಲ್ಲ. ಈಗ ಅವ ನಮ್ಮಲ್ಲೇ ಉಂಟು.

ಕೆಲಸ ಗ್ಯಾರಂಟಿ ಅನ್ನುದನ್ನು ಸ್ಟಾಂಪ್ ಪೇಪರಲ್ಲಿ ಬರ್ದುಕೊಡ್ತಾರಾ ಕೇಳಿ.

ನನ್ನ ಮಗನಿಗೆ 17. ಶಾಲೆ ಬಿಟ್ಟ. ಮಾವನ ಜೆಸಿಬಿಯಲ್ಲಿ ಹೋಗ್ತಾನೆ, ಈಗ ಅವನೇ ಓಡಿಸ್ತಾನೆ ಅಂತ ಊರಲ್ಲಿ ಹೊಗಳ್ತಾರೆ. ನನಗೆ ಹೆದರಿಕೆ. (ಕಾಪುವಿನ ಒಬ್ಬ ತಾಯಿ)

ಅಕ್ಕಾ, ನಿಮ್ಮ ಹೆದರಿಕೆ ಸರಿಯೇ ಉಂಟು, ಹೊಗಳುವವರದ್ದು ತಪ್ಪು. 18 ಆಗುವವರೆಗೆ ಸೀಟಲ್ಲಿ ಕೂರಬಾರದು. 2019ರ ತಿದ್ದುಪಡಿ ಆದ್ಮೇಲೆ ಮೈನರ್ ಗಾಡಿ ಓಡಿಸಿ ಸಿಕ್ಕಿಬಿದ್ರೆ ಗಾಡಿಯವರಿಗೂ ಹೆತ್ತವರಿಗೂ 25,000 ಫೈನ್, 3 ವರ್ಷದವರೆಗೆ ಜೈಲು ಆಗಬಹುದು, ಗಾಡಿಯ ರಿಜಿಸ್ಟ್ರೇಷನ್ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ಕೊನೇದನ್ನು ಮಗನಿಗೆ ಹೇಳಿ, ರಿಜಿಸ್ಟ್ರೇಷನ್ ವಿಷಯ ಮಾವನಿಗೆ ಹೇಳಿ, ಇಬ್ಬರಿಗೂ ಬೇಗ ತಾಗ್ತದೆ.

ಅವನಿಗೆ ಮೆಷಿನ್ ಮೇಲೆ ಅಷ್ಟು ಆಸೆ ಇದ್ರೆ ಐಟಿಐಯಲ್ಲಿ ಮೆಕ್ಯಾನಿಕ್ ಡೀಸೆಲ್ ಸೇರಿಸಿ, ಒಂದೇ ವರ್ಷದ್ದು, ಮುಗಿಯುವಷ್ಟರಲ್ಲಿ 18 ತುಂಬ್ತದೆ. ಇಂಜಿನ್ ಗೊತ್ತಿರುವ ಆಪರೇಟರ್ ಸಿಕ್ಕಿದ್ರೆ ಓನರುಗಳು ಬಿಡುದಿಲ್ಲ. ಹೋಸ್ ಒಡೆದ್ರೆ, ಆಯಿಲ್ ಲೀಕ್ ಆದ್ರೆ ಮೆಕ್ಯಾನಿಕ್ ಬರುವವರೆಗೆ ಮರದಡಿ ಮಲಗುವವನಿಗೂ ಅವನಿಗೂ ತುಂಬಾ ವ್ಯತ್ಯಾಸ ಉಂಟು.

ಉಡುಪಿಯವ. ಸೌದಿಗೆ ಎಕ್ಸ್‌ಕವೇಟರ್ ಆಪರೇಟರ್ ವೀಸಾ ಉಂಟು, ಒಂದೂವರೆ ಲಕ್ಷ ಕೊಡು, ಇಲ್ಲೇ ಥರ್ಡ್ ಪಾರ್ಟಿ ಸರ್ಟಿಫಿಕೇಟೂ "ಓಶಾ 30 ಅವರ್" ಸರ್ಟಿಫಿಕೇಟೂ ಮಾಡಿಸಿ ಕೊಡ್ತೇನೆ ಅಂತ ಒಬ್ಬರು ಹೇಳ್ತಾರೆ. ಓದಿದ್ದು ಒಂಬತ್ತನೇವರೆಗೆ.

ಗಲ್ಫ್ ಬಗ್ಗೆ ಒಟ್ಟು ಹನ್ನೊಂದು ಪತ್ರ, ಎಲ್ಲದಕ್ಕೂ ಇದೇ ಉತ್ತರ ಅಂತ ತಿಳ್ಕೊಳ್ಳಿ.

ಒಂದೂವರೆ ಲಕ್ಷ ಅಂದಲ್ಲೇ ನಿಲ್ಲಿ. ಸರ್ಕಾರದಲ್ಲಿ ರಿಜಿಸ್ಟರ್ ಆದ ರಿಕ್ರೂಟಿಂಗ್ ಏಜೆಂಟ್ ನಿಮ್ಮಿಂದ ತಗೊಳ್ಳಬಹುದಾದ ಸರ್ವಿಸ್ ಚಾರ್ಜ್ ಜಾಸ್ತಿ ಅಂದ್ರೆ 30,000, ಮೇಲೆ ಜಿಎಸ್‌ಟಿ. ರಿಜಿಸ್ಟರ್ ಆಗಿದ್ದಾರಾ ಅಂತ ಸರ್ಕಾರದ ಇ-ಮೈಗ್ರೇಟ್ ಪೋರ್ಟಲಲ್ಲಿ ಹೆಸರು ಹಾಕಿ ನೋಡಬಹುದು. ಆಫೀಸ್ ಇಲ್ಲ, ಬೋರ್ಡ್ ಇಲ್ಲ, ಲಾಡ್ಜಲ್ಲಿ ಇಂಟರ್‌ವ್ಯೂ ಅಂದ್ರೆ ಮತ್ತೆ ಹೇಳ್ಬೇಕಂತ ಇಲ್ಲ. ನೀವು ಹತ್ತನೇ ಪಾಸ್ ಆಗದ ಕಾರಣ ನಿಮ್ಮ ಪಾಸ್‌ಪೋರ್ಟ್ ಇಸಿಆರ್ (ಎಮಿಗ್ರೇಷನ್ ಚೆಕ್ ಬೇಕಾದದ್ದು) ಆಗಿರ್ತದೆ, ಸೌದಿ ಸೇರಿ 18 ದೇಶಕ್ಕೆ ಕೆಲಸಕ್ಕೆ ಹೋಗ್ಲಿಕ್ಕೆ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕೇ ಬೇಕು. ಅದು ತಲೆನೋವು ಅಂತ ವಿಸಿಟ್ ವೀಸಾದಲ್ಲಿ ಕಳಿಸ್ತೇನೆ ಅಂತಾರೆ ಕೆಲವರು, ಹೋಗಲೇಬಾರದು. ಕ್ಲಿಯರೆನ್ಸ್ ಜೊತೆಗೆ 10 ಲಕ್ಷದ ಪ್ರವಾಸಿ ಭಾರತೀಯ ಬಿಮಾ ಅನ್ನುವ ಇನ್ಶೂರೆನ್ಸ್ ಬರ್ತದೆ, ಅಗ್ರಿಮೆಂಟ್ ರೆಕಾರ್ಡ್ ಆಗಿರ್ತದೆ, ಅಲ್ಲಿ ಸಂಬಳ ಕೊಡದಿದ್ರೆ ಎಂಬೆಸಿಯಲ್ಲಿ ತೋರಿಸ್ಲಿಕ್ಕೆ ಅದೊಂದೇ ಆಧಾರ.

ಇನ್ನು ಸರ್ಟಿಫಿಕೇಟ್ ಕತೆ. ಓಶಾ ಅಂದ್ರೆ ಅಮೆರಿಕ ಸರ್ಕಾರದ ಸೇಫ್ಟಿ ಇಲಾಖೆ. ಆ 30 ಗಂಟೆಯ ಕ್ಲಾಸ್ ಸೇಫ್ಟಿ ತಿಳುವಳಿಕೆಗೆ ಅಂತ ಇರುದು, ಅದು ಮೆಷಿನ್ ಓಡಿಸುವ ಸರ್ಟಿಫಿಕೇಟ್ ಅಲ್ಲ, ಹಾಗಂತ ಓಶಾದವರೇ ಹೇಳ್ತಾರೆ. ಅಮೆರಿಕದಲ್ಲೂ ಕ್ರೇನ್ ಆಪರೇಟರಿಗೆ ಬೇರೆಯೇ ಪರೀಕ್ಷೆ ಉಂಟು, ಬರಿಯುದೂ ಓಡಿಸುದೂ ಎರಡೂ. ನಮ್ಮಲ್ಲಿ ಪ್ರಿಂಟ್ ಹಾಕಿ ಕೊಡುದನ್ನು ಅಲ್ಲಿ ಗೇಟಲ್ಲೇ ವಾಪಸ್ ಕೊಡ್ತಾರೆ. ಥರ್ಡ್ ಪಾರ್ಟಿ ಅನ್ನುದು ನಿಜವಾದ ವಿಷಯವೇ, ಗಲ್ಫಿನ ದೊಡ್ಡ ಪ್ರಾಜೆಕ್ಟುಗಳಲ್ಲಿ ಆಪರೇಟರನ್ನು ಹೊರಗಿನ ಇನ್‌ಸ್ಪೆಕ್ಷನ್ ಕಂಪನಿಯವರು ಟೆಸ್ಟ್ ಮಾಡಿ ಕಾರ್ಡ್ ಕೊಡ್ತಾರೆ, ಆದ್ರೆ ಆ ಟೆಸ್ಟ್ ಯಾವ ಮೆಷಿನಲ್ಲಿ ಮಾಡಿದ್ದೋ ಅದಕ್ಕೆ ಮಾತ್ರ, ನೀವು ಸೀಟಲ್ಲಿ ಕೂರದೆ ಬಂದ ಕಾರ್ಡ್ ಕಾರ್ಡೇ ಅಲ್ಲ. ದುಬೈ ಬದಿಯಲ್ಲಂತೂ ಹೆವಿ ಮೆಕ್ಯಾನಿಕಲ್ ಎಕ್ವಿಪ್‌ಮೆಂಟಿಗೆ ಅಂತಲೇ ಬೇರೆ ಲೈಸೆನ್ಸ್, ಅದನ್ನು ಅಲ್ಲೇ ಹೋಗಿ ತೆಗಿಬೇಕು. ಇಲ್ಲಿಂದ ಹೋಗುವಾಗ ಊರಿನ ಲೈಸೆನ್ಸ್, ಐಇಎಸ್‌ಸಿ ಸರ್ಟಿಫಿಕೇಟ್, ಕೆಲಸ ಮಾಡಿದ ಕಂಪನಿಯ ಲೆಟರ್‌ಹೆಡ್ಡಲ್ಲಿ ಯಾವ ಮೆಷಿನ್ ಎಷ್ಟು ವರ್ಷ ಅಂತ ಬರ್ದ ಪತ್ರ, ಈ ಮೂರು ಇದ್ರೆ ಮರ್ಯಾದೆ ಉಂಟು. ಮೂರನೇದನ್ನು ಯಾರೂ ಕೇಳಿ ತಗೊಳ್ಳುದಿಲ್ಲ, ಓನರ್ ಹತ್ರ ಜಗಳ ಆದ್ಮೇಲೆ ಕೇಳಿದ್ರೆ ಸಿಗುದೂ ಇಲ್ಲ.

ಹೈಡ್ರಾ ಕ್ರೇನ್ ಓಡಿಸ್ತೇನೆ, 9 ವರ್ಷ ಆಯ್ತು. ಪಣಂಬೂರು ಬದಿ ಒಂದು ಪ್ಲಾಂಟಿಗೆ ಗೇಟ್ ಪಾಸ್ ಮಾಡಿಸ್ಲಿಕ್ಕೆ ಹೋದ್ರೆ ಮೆಡಿಕಲ್, ಲೈಸೆನ್ಸ್, ಕ್ರೇನಿನ ಟೆಸ್ಟ್ ಸರ್ಟಿಫಿಕೇಟ್ ಅಂತ ಅಲೆದಾಡಿಸ್ತಾರೆ. ಹೊರಗೆ ಯಾರೂ ಕೇಳುದಿಲ್ಲ, ಇವರದ್ದೇನು ಹೊಸ ಕಾನೂನು?

ಹೊಸದಲ್ಲ ಮಾರಾಯ್ರೆ, ಹೊರಗೆ ಕೇಳದೇ ಇರುದು ತಪ್ಪು. ಕಟ್ಟಡ ಕಾರ್ಮಿಕರ 1996ರ ಕಾನೂನು, ಅದರ ಕೆಳಗೆ 1998ರ ನಿಯಮ ಬಂದಾಗಿಂದ ಎತ್ತುವ ಮೆಷಿನನ್ನು ಪರಿಣತರಿಂದ ಟೆಸ್ಟ್ ಮಾಡಿಸ್ಬೇಕು, ಆಪರೇಟರಿಗೆ 18 ತುಂಬಿರ್ಬೇಕು, ಕಣ್ಣು ಕಿವಿ ಎಲ್ಲ ಸರಿ ಇದೆಯಾ ಅಂತ ಡಾಕ್ಟರ್ ನೋಡಿರ್ಬೇಕು ಅಂತ ಉಂಟು. ಮೆಡಿಕಲ್ ಮಾಡಿಸಿಕೊಳ್ಳಿ, ನಿಮಗೂ ಒಳ್ಳೇದೇ. ನಮ್ಮವರಲ್ಲಿ ಶುಗರ್ ಇದ್ದೂ ಗೊತ್ತಿಲ್ಲದವರು ಎಷ್ಟೋ ಜನ.

ಹೈಡ್ರಾದವರಿಗೆ ಒಂದು ಮಾತು ಸೇರಿಸ್ತೇನೆ. 14 ಟನ್ ಅಂತ ಬೋರ್ಡಲ್ಲಿ ಬರ್ದಿದ್ರೆ ಅದು ಬೂಮ್ ಪೂರ್ತಿ ಒಳಗಿದ್ದು ಲೋಡ್ ಗಾಡಿಗೆ ತಾಗಿಕೊಂಡ ಹಾಗೆ ಇದ್ದಾಗಿನ ಲೆಕ್ಕ. ಬೂಮ್ ಹೊರಗೆ ಹೋದ ಹಾಗೆ ಅದು ಸರ್ರ ಅಂತ ಇಳಿತದೆ, ಲೋಡ್ ಚಾರ್ಟ್ ಕ್ಯಾಬಿನಲ್ಲಿ ಅಂಟಿಸಿರ್ತಾರೆ, ದೇವರ ಫೋಟೋ ಅದರ ಮೇಲೆ ಅಂಟಿಸ್ಬೇಡಿ. ಲೋಡ್ ಹಿಡ್ಕೊಂಡು ನಡು ಮುರಿದು ತಿರುಗುವಾಗ್ಲೇ ಅದು ಅಡ್ಡ ಬೀಳುದು, ಅದಕ್ಕೇ ದೊಡ್ಡ ಸೈಟಿನವರು ಹಳೇ ಹೈಡ್ರಾ ಒಳಗೆ ಬಿಡ್ಲಿಕ್ಕೆ ಹಿಂಜರಿಯುದು. ಮುಂದೆ ಹೋಗ್ಬೇಕು ಅಂತಿದ್ರೆ ಮೊಬೈಲ್ ಕ್ರೇನ್ ಕಲಿರಿ.

ಮಣಿಪಾಲದಲ್ಲಿ ಬೇಸ್‌ಮೆಂಟ್ ಕೆಲಸ. ನನ್ನ ಹತ್ರ ಲೈಸೆನ್ಸ್, ಸರ್ಟಿಫಿಕೇಟ್ ಎಲ್ಲ ಉಂಟು. ಜೂನ್ ತಿಂಗಳಲ್ಲಿ ಗುಡ್ಡೆ ಬದಿ ನೆಟ್ಟಗೆ ಕಟ್ ಮಾಡು ಅಂತ ಸೈಟಿನವರು ಹೇಳ್ತಾರೆ. ಆಗುದಿಲ್ಲ ಅಂದ್ರೆ ಬೇರೆ ಮೆಷಿನ್ ತರಿಸ್ತೇವೆ ಅಂತಾರೆ. ಎಂತ ಮಾಡುದು?

ಈ ಒಂದು ಪ್ರಶ್ನೆಗೆ ಪೂರ್ತಿ ಪೇಜ್ ಕೊಡ್ಬೇಕಿತ್ತು. ನಾನು ನೋಡಿದ ಯಾವ ಕೋರ್ಸಲ್ಲೂ ನಮ್ಮ ಊರಿನ ಮಣ್ಣಿನ ಪಾಠ ಇಲ್ಲ.

ನಮ್ಮ ಕರಾವಳಿಯಲ್ಲಿ ಮೇಲೆ ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು), ಕೆಳಗೆ ಶೇಡಿ ಮಣ್ಣು. ಮೇಲಿನ ಮುರಕಲ್ಲಿಗೆ ಬ್ರೇಕರ್ ಹಾಕಿದ್ರೂ ಒಪ್ಪುದಿಲ್ಲ ಕೆಲವು ಸಲ, ಅದನ್ನು ದಾಟಿ ಕೆಳಗೆ ಹೋದ್ರೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಪುಡಿ ಪುಡಿ ಮಣ್ಣು. ಮಾರ್ಚಿಯಲ್ಲಿ ಅದನ್ನು ಕತ್ತಿಯಲ್ಲಿ ಕೊಯ್ದ ಹಾಗೆ ನೆಟ್ಟಗೆ ಕಟ್ ಮಾಡಬಹುದು, ಗೋಡೆ ಹಾಗೆ ನಿಲ್ತದೆ, ಇಂಜಿನಿಯರಿಗೂ ಖುಷಿ ನಮಗೂ ಖುಷಿ. ಅದೇ ಶೇಡಿಗೆ ನೀರು ಇಳಿದ್ರೆ ಶಕ್ತಿ ಎಲ್ಲ ಹೋಗಿ ಗಂಜಿ. ಮೇಲೆ ಮುರಕಲ್ಲಿನ ಭಾರ ಬೇರೆ ಕೂತಿರ್ತದೆ, ಕೆಳಗಿನ ಗಂಜಿ ಜಾರಿದ್ರೆ ಮೇಲಿಂದ ಲಾರಿ ಗಾತ್ರದ ಕಲ್ಲು ಒಟ್ಟಿಗೆ ಬರ್ತದೆ. ಬರುವ ಮೊದಲು ದೊಡ್ಡ ಶಬ್ದ ಏನೂ ಇಲ್ಲ.

ನನಗೆ ಒಂದ್ಸಲ ಆಗಿದೆ. ಸೈಟಿನ ಹೆಸರು ಬೇಡ. ಬೆಳಿಗ್ಗೆಯಿಂದ ಗೋಡೆಯ ಬುಡದಿಂದ ಅಡಿಕೆ ಗಾತ್ರದ ಮಣ್ಣಿನ ಉಂಡೆ ಒಂದೊಂದೇ ಉದುರ್ತಾ ಇತ್ತು, ಬುಡದಲ್ಲಿ ನೀರು ಒಸರಿ ಒದ್ದೆ ಆಗಿತ್ತು, ನಾನು ಊಟಕ್ಕೆ ಮೊದಲು ಇನ್ನೆರಡು ಟಿಪ್ಪರ್ ತುಂಬಿಸ್ತೇನೆ ಅಂತ ಕೂತೆ. ಅದೇ ಹೊತ್ತಿಗೆ ಹೆಲ್ಪರ್ ಮೇಲೆ ಹೋಗಿ ನೋಡಿ ಅಂಚಿನ ಉದ್ದಕ್ಕೆ ಬಿರುಕು ಬಿಟ್ಟಿದೆ ಅಂತ ಬೊಬ್ಬೆ ಹೊಡ್ದ, ನಾನು ಹಿಂದೆ ತೆಗ್ದೆ, ಬಕೆಟ್ ಮುಳುಗಿತು, ಕ್ಯಾಬಿನ್ ಉಳಿತು. ಚೈನ್ ಗೋಡೆಗೆ ನೇರ ಇಟ್ಟು ಡ್ರೈವ್ ಸ್ಪ್ರಾಕೆಟ್ (ಚೈನ್ ತಿರುಗಿಸುವ ಹಲ್ಲಿನ ಚಕ್ರ) ಹಿಂದೆ ಇದ್ದದ್ದಕ್ಕೆ ಒಂದೇ ಎಳೆತಕ್ಕೆ ಹಿಂದೆ ಬರ್ಲಿಕ್ಕೆ ಆಯ್ತು. ಅಡ್ಡ ನಿಲ್ಲಿಸಿದ್ರೆ ಇವತ್ತು ಈ ಕಾಲಂ ಬೇರೆ ಯಾರೋ ಬರಿತಿದ್ರು.

ಹಾಗಾಗಿ ನಿಮಗೆ: ಮೇಲೆ ಅಂಚಿಗೆ ಸಮಾಂತರವಾಗಿ ಬಿರುಕು, ಬುಡದಲ್ಲಿ ಒಸರು, ಸಣ್ಣ ಉಂಡೆ ಉದುರುದು, ಮೂರರಲ್ಲಿ ಒಂದು ಕಂಡ್ರೂ ಮೆಷಿನ್ ಹಿಂದೆ. ಬುಡ ಕೆರ್ದು ಮೇಲಿನದ್ದನ್ನು ಬೀಳಿಸುವ ಶಾರ್ಟ್‌ಕಟ್ ಯಾವತ್ತೂ ಬೇಡ. ಒಂದೂವರೆ ಮೀಟರಿಗಿಂತ ಆಳದ ಟ್ರೆಂಚಿಗೆ ಆಧಾರ ಕೊಡ್ಬೇಕು ಅಂತ ಅಗೆಯುವ ಕೆಲಸದ ಸೇಫ್ಟಿಗೆ ಇರುವ ಭಾರತೀಯ ಸ್ಟ್ಯಾಂಡರ್ಡ್ ಐಎಸ್ 3764ರಲ್ಲೇ ಉಂಟು, ಮಾತಾಡುವಾಗ ಆ ನಂಬರ್ ಹೇಳಿ, ಇಂಜಿನಿಯರುಗಳಿಗೆ ನಂಬರ್ ಕೇಳಿದ್ರೆ ಸ್ವಲ್ಪ ಕಿವಿ ನೆಟ್ಟಗಾಗ್ತದೆ. ಮೆಟ್ಟಿಲು ಮೆಟ್ಟಿಲಾಗಿ ಕಟ್ ಮಾಡ್ತೇನೆ, ನೆಟ್ಟಗೆ ಮಾಡುದಾದ್ರೆ ಬರ್ದು ಕೊಡಿ ಅನ್ನಿ. ಬಾಯಲ್ಲಿ ಜೋರು ಮಾಡುವವರು ಬರವಣಿಗೆ ಅಂದ ಕೂಡ್ಲೇ ಇನ್ನೊಬ್ಬರಿಗೆ ಫೋನ್ ಮಾಡ್ತಾರೆ. ಕೊಡದಿದ್ರೆ ವಾಟ್ಸಾಪಲ್ಲಿ ಬಿರುಕಿನ ಫೋಟೋ ಹಾಕಿ "ಸರ್, ಹೀಗುಂಟು" ಅಂತ ಕಳಿಸಿ ಇಟ್ಕೊಳ್ಳಿ. ಯಾಕಂದ್ರೆ ಯಾರಾದ್ರೂ ಸತ್ತರೆ ನಿರ್ಲಕ್ಷ್ಯ ಅಂತ ಭಾರತೀಯ ನ್ಯಾಯ ಸಂಹಿತೆ, ಅಂದ್ರೆ ಬಿಎನ್‌ಎಸ್ 106ರಲ್ಲಿ ಕೇಸ್, 5 ವರ್ಷದವರೆಗೆ ಶಿಕ್ಷೆ ಉಂಟು, ಎಫ್‌ಐಆರಲ್ಲಿ ಆಪರೇಟರ್ ಹೆಸರು ಬರ್ಲಿಕ್ಕೆ ತಡ ಆಗುದಿಲ್ಲ. ಬೇರೆ ಮೆಷಿನ್ ತರಿಸ್ತಾರೆ ಅಂದ್ರೆ ತರಿಸ್ಲಿ. ಒಂದು ದಿನದ ಬಾಟಾ (ಭತ್ಯೆ) ಹೋಗ್ತದೆ, ಹೋಗ್ಲಿ.

ರೋಡ್ ಬದಿ ಅಗಿಯುವಾಗ ಕೇಬಲ್ ಕಟ್ ಆಯ್ತು, ಕಂಪನಿಯವರು ನನ್ನಲ್ಲಿ ದುಡ್ಡು ಕೇಳ್ತಾರೆ. (ಸುರತ್ಕಲ್)

ಅಗಿಯುವ ಮೊದಲು "ಕಾಲ್ ಬಿಫೋರ್ ಯು ಡಿಗ್" ಆಪಲ್ಲಿ ತಿಳಿಸ್ಬೇಕು, 2023ರ ಮಾರ್ಚಲ್ಲಿ ಬಂದದ್ದು. ಅದು ಕೆಲಸ ಮಾಡಿಸುವವರ ಜವಾಬ್ದಾರಿ, ತಿಳಿಸಿದ್ದಾರಾ ಅಂತ ಮೊದಲು ಅದನ್ನು ಕೇಳಿ, ಆಮೇಲೆ ದುಡ್ಡಿನ ಮಾತು. ಮಂಗಳೂರಲ್ಲಿ ಈಗ ಗೇಲ್ ಗ್ಯಾಸಿನ ಪೈಪೂ ರೋಡ್ ಬದಿಯಲ್ಲೇ ಹೋಗ್ತದೆ, ಕೇಬಲ್ ಕಟ್ ಆದದ್ದು ನಿಮ್ಮ ಪುಣ್ಯ ಅಂದ್ಕೊಳ್ಳಿ. ಹಳದಿ ಬಣ್ಣದ ಟೇಪ್ ಬಕೆಟಿಗೆ ಸಿಕ್ಕಿದ್ರೆ ಅಲ್ಲೇ ನಿಲ್ಲಿಸಿ, ಮುಂದಿನದ್ದು ಹಾರೆ ಪಿಕಾಸಿಯಲ್ಲಿ.

ಐಟಿಐ ಮುಗಿಸಿದ್ದೇನೆ. ಹಿಟಾಚಿ ಓಡಿಸ್ಬೇಕು ಅಂತ ಆಸೆ. ಹುಡುಗಿಯರಿಗೆ ಸರ್ಟಿಫಿಕೇಟ್ ಕೊಡ್ತಾರಾ? ಮನೆಯಲ್ಲಿ ನಗಾಡ್ತಾರೆ. (ಹೆಬ್ರಿ)

ಕೊಡ್ತಾರೆ. ಲೈಸೆನ್ಸಿಗೂ ಕೌನ್ಸಿಲ್ ಸರ್ಟಿಫಿಕೇಟಿಗೂ ಗಂಡು ಹೆಣ್ಣು ಅಂತ ಇಲ್ಲ. ಜಾಯ್‌ಸ್ಟಿಕ್ ಎಳಿಲಿಕ್ಕೆ ತೋಳ್ಬಲ ಬೇಡ, ಅದು ಹೈಡ್ರಾಲಿಕ್ಕಿನ ಕೆಲಸ, ನಮಗೆ ಬೇಕಾದ್ದು ಬೆರಳಿನ ನಿಧಾನ. ಬೀಡಿ ಕಟ್ಟುವವರ ಬೆರಳು, ಮಲ್ಲಿಗೆ ಕಟ್ಟುವವರ ಬೆರಳು ನೋಡಿದ್ದೀರಲ್ಲ, ಅದೇ. ಕಷ್ಟ ಇರುದು ಬೇರೆ ಕಡೆ, ಸೈಟಲ್ಲಿ ಟಾಯ್ಲೆಟ್ ಇರುದಿಲ್ಲ, ರಾತ್ರಿ ಶಿಫ್ಟಿಗೆ ಹೋಗಿ ಬರ್ಲಿಕ್ಕೆ ಗಾಡಿ ಇರುದಿಲ್ಲ. ಅದನ್ನು ಸೇರುವ ಮೊದಲೇ ಕೇಳಿ, ನಾಚಿಕೆ ಬೇಡ. ಸಣ್ಣ ಓನರುಗಳಿಗಿಂತ ದೊಡ್ಡ ಕಂಪನಿ ಸೈಟಲ್ಲಿ ನಿಮಗೆ ಅನುಕೂಲ.

ಕೋರ್ಸಿಗೆ ದುಡ್ಡು ಹಾಕುವ ಮೊದಲು ಕೂತು ನೋಡ್ಬೇಕು ಅಂತಿದ್ರೆ ಅಪ್ಪನನ್ನೋ ಅಣ್ಣನನ್ನೋ ಕರ್ಕೊಂಡು ಶನಿವಾರ ಮಧ್ಯಾಹ್ನ ಮೇಲೆ ನಮ್ಮ ಯಾರ್ಡಿಗೆ ಬನ್ನಿ, ಪತ್ರಿಕೆ ಆಫೀಸಲ್ಲಿ ದಾರಿ ಹೇಳ್ತಾರೆ. ಒಂದು ಮೆಷಿನ್ ಖಾಲಿ ಇರ್ತದೆ. ಶೂ ಹಾಕ್ಕೊಂಡು ಬನ್ನಿ, ಚಪ್ಪಲಿ ಆಗುದಿಲ್ಲ.